ಮನ್ಯಾಗ ಕೇಳಿ ಹೇಳ್ತೀನಿ

"ಅಲ್ಲಾಡಬ್ಯಾಡ್ರಿ!"

ಬೆನ್ನ ಹಿಂದಿನಿಂದ ಬಂದ ಆ ಧ್ವನಿಗೆ ಪಂಪಾವತಿ ನಿಂತಲ್ಲೇ ಕಲ್ಲಾದಳು. ಕಬ್ಬಿಣದ ಮೇಲೆ ಗುರುತು ಹಾಕುತ್ತಿದ್ದ ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

ಸಿಂಧನೂರಿನ ಗಂಗಾವತಿ ರಸ್ತೆಯ ಆ ಟ್ರೇಲರ್ ಯಾರ್ಡಿನಲ್ಲಿ ಆಗಷ್ಟೇ ಒಂದು ಗದ್ದಲ ಎದ್ದಿತ್ತು. ಹಿಂದಕ್ಕೆ ಸರಿಯುತ್ತ ಒಳಬಂದ ಒಂದು ಜೀಪು ಕಬ್ಬಿಣದ ರಾಶಿಗೆ ತಗುಲಿ, ಅದರಲ್ಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ಸರಿದಿತ್ತು. "ಜೇನು ಬಂದ್ವಲೇ, ಓಡ್ರಿ!" ಎಂದು ವೆಲ್ಡಿಂಗ್ ಮಾಡುವವರೆಲ್ಲ ಕಂಡಕಂಡತ್ತ ಓಡಿಹೋಗಿದ್ದರು. ಯಾರ್ಡಿನ ಯಜಮಾನ, ಅವಳ ಅಪ್ಪ ಗಾಳೆಪ್ಪ, ಆಫೀಸಿನ ಬಾಗಿಲು ಜಡಿದುಕೊಂಡು ಗಾಜಿನಿಂದ ಇಣುಕುತ್ತಿದ್ದ.

ಪಂಪಾವತಿ ಓಡಲಿಲ್ಲ. ಧೈರ್ಯದಿಂದಲ್ಲ... ಅವಳಿಗೆ ನಾಲ್ಕು ಜನರ ಎದುರು ಓಡುವುದಕ್ಕೂ ನಾಚಿಕೆ!

ಕೆನ್ನೆಯ ಮೇಲೆ ಏನೋ ಹರಿದಾಡಿತು. ಮೆಲ್ಲಗೆ ಕಣ್ಣಿನ ಕಡೆಗೆ ಹೊರಟಿತು.

"ಉಸಿರು ಸಾವಕಾಶ ಬಿಡ್ರಿ. ಅದು ನಿಮಗ ಏನೂ ಮಾಡಂಗಿಲ್ಲ. ನೀವು ಅದಕ್ಕ ಏನೂ ಮಾಡಬ್ಯಾಡ್ರಿ, ಅಷ್ಟ."

ಅವನು ಎದುರಿಗೆ ಬಂದ. ಬಿಸಿಲಿಗೆ ಕಂದಿದ ಮುಖ, ಶಾಂತವಾದ ಕಣ್ಣು. ಬೆರಳೊಂದನ್ನು ಅವಳ ಕೆನ್ನೆಗೆ ಹತ್ತಿರ ತಂದು, ತಾಗಿಸದೆ ಹಾಗೇ ಹಿಡಿದ. ಜೇನು ಒಂದು ಗಳಿಗೆ ಯೋಚಿಸಿ ಅವನ ಬೆರಳಿಗೆ ಹತ್ತಿಕೊಂಡಿತು.

"ತಲ್ಯಾಗ ಮಲ್ಲಿಗಿ ಮುಡಿದೀರಿ. ಅದಕ್ಕ ಹುಡಿಕ್ಯೊಂಡ್ ಬಂದೈತಿ. ಅಂಜಿದ್ರೇನು?"

"ಇಲ್ಲ" ಎಂದಳು. ಎದೆ ಮಾತ್ರ ಡಬಡಬ ಹೊಡೆದುಕೊಳ್ಳುತ್ತಿತ್ತು. ಅದು ಜೇನಿಗೆ ಹೊಡೆದುಕೊಂಡದ್ದೋ, ಆ ಬೆರಳಿಗೋ... ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ಶಿವಪ್ರಸಾದ. ಜವಳಗೇರಾದವನು. ಜೇನುಪೆಟ್ಟಿಗೆಗಳನ್ನು ಹೂವಿದ್ದ ಕಡೆ ಹೊತ್ತೊಯ್ಯುವುದು ಅವನ ಕಸುಬು. ಕಾಲುವೆ ಬದಿಯ ಸೂರ್ಯಕಾಂತಿ ಮುಗಿದರೆ ಸಂತೆಕಲ್ಲೂರಿನ ತೊಗರಿ, ಅದು ಮುಗಿದರೆ ಇನ್ನೆಲ್ಲಿಗೋ.

"ನನಗ ಗಾಲಿ ಮ್ಯಾಲ ಒಂದು ಮನಿ ಬೇಕ್ರೀ" ಎಂದ, ಗಾಳೆಪ್ಪ ಹೊರಗೆ ಬಂದ ಮೇಲೆ. "ಸಣ್ಣದು. ಜೀಪಿಗೆ ಕಟ್ಟಿಕೊಂಡು ಹೊಲ, ಹಳ್ಳ ಎಲ್ಲಾ ಕಡೆ ಹೋಗೋವಂಥದ್ದು. ಸಂಸಾರ ಬೆಳಿಯಾಕತ್ತೈತಿ. ಟಾರ್ಪಾಲಿನ್ ಕೆಳಗ ಆಗವಲ್ದು."

ಗಾಳೆಪ್ಪ ಬಿದ್ದು ಬಿದ್ದು ನಕ್ಕ. "ನಾವು ಭತ್ತ ಹೊರೋ ಗಾಡಿ ಮಾಡಾವ್ರು ಮಾರಾಯ! ಮಂದಿ ಮಲಗಿಸೋ ಗಾಡಿ ಎಲ್ಲಿಂದ ತರೋಣು?"

"ಲಿಂಗಸುಗೂರಿನ್ಯಾಗ ಒಂದು ಹಳೇದು ಮಾರಾಕ ಐತ್ರಿ. ಗಾಡಿ ತಿಳಿದವರು ಯಾರರ ಬಂದು ನೋಡಿದ್ರ ಸಾಕು."

ಗಾಳೆಪ್ಪ ತನ್ನ ಹಿರಿಯ ವೆಲ್ಡರ್ ಚಾಂದ್‌ಪಾಷಾನ ಕಡೆ ನೋಡಿದ. ಚಾಂದ್‌ಪಾಷಾ ಪಂಪಾವತಿಯ ಕಡೆ ನೋಡಿದ. "ನನ್ನ ಕಣ್ಣು ಈಗ ದೂರದ್ದು ನೋಡಂಗಿಲ್ಲ ಸಾವ್ಕಾರ್. ಬೇಟೀನೂ ಬರಲಿ. ಡಿಗ್ರಿ ಮುಗಿಸಿ ಎರಡು ವರ್ಷ ಆತು, ಯಾರ್ಡಿನ ಗಾಡಿ ಎಲ್ಲಾ ಆಕೀನ ಅಳತಿ ಹಾಕ್ಯಾಳ."

ಮರುದಿನ ಬೆಳಿಗ್ಗೆ ಪಂಪಾವತಿ ಕನ್ನಡಿಯ ಮುಂದೆ ನಿಂತು ಮಲ್ಲಿಗೆ ಕೈಗೆತ್ತಿಕೊಂಡಳು... ಮತ್ತೆ ಕೆಳಗಿಟ್ಟಳು.

*ಜೇನು ಬರಬಾರದಂತ ಅಷ್ಟೇ* ಎಂದು ತನಗೆ ತಾನೇ ಹೇಳಿಕೊಂಡಳು. ಕನ್ನಡಿ ನಂಬಲಿಲ್ಲ.

*

ಲಿಂಗಸುಗೂರಿನ ಗಂಗಾಧರಪ್ಪನವರ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಆ ಗಾಡಿಮನೆ ನಿಂತಿತ್ತು. ಹಾಲಿನಂಥ ಬಿಳುಪು, ದುಂಡನೆಯ ಮೈ, ಪುಟ್ಟ ಕಿಟಕಿ, ಒಳಗೆ ಮೆತ್ತನೆ ಹಾಸಿಗೆ!

"ಟಾರ್ ರೋಡ್ ಬಿಟ್ಟು ಒಂದು ದಿನ ಕೆಳಗ ಇಳಿಸಿಲ್ರಿ" ಎಂದರು ಗಂಗಾಧರಪ್ಪ ಹೆಮ್ಮೆಯಿಂದ. "ಮದುಮಗಳು ಇದ್ದಂಗ ಐತಿ ನೋಡ್ರಿ."

ಶಿವಪ್ರಸಾದನ ಮುಖ ಅರಳಿತು. ಪಂಪಾವತಿ ಮಾತ್ರ ಸೆರಗು ಸೊಂಟಕ್ಕೆ ಸಿಗಿಸಿ ಗಾಡಿಯ ಕೆಳಗೆ ತೂರಿದಳು.

*ಹೇಳಲೋ ಬೇಡವೋ? ಮಾತಾಡಿದರೆ ಎಲ್ಲರೂ ನನ್ನನ್ನೇ ನೋಡ್ತಾರೆ... ಸುಮ್ಮನಿದ್ದರೆ ಇವರು ಮೊದಲ ಮಳೆಗೇ ಹೊಲದಲ್ಲಿ ಸಿಕ್ಕಿಹಾಕಿಕೊಳ್ತಾರೆ.*

ಕೆಳಗಿನಿಂದಲೇ ಹೇಳಿದಳು. ಮುಖ ಕಾಣದಿದ್ದರೆ ಅವಳಿಗೆ ಮಾತು ಸಲೀಸು.

"ಇದರ ಅಚ್ಚು ಭಾಳ ಕೆಳಗೈತ್ರಿ. ಗಾಲಿಗೂ ಮಡ್‌ಗಾರ್ಡಿಗೂ ನಡುವ ಜಾಗ ಇಲ್ಲ. ನಿಮ್ಮದು ಎರಿ ಹೊಲದ ದಾರಿ. ಹಸಿ ಮಣ್ಣು ಮೆತ್ತಿಕೊಂಡ್ರ ಗಾಲಿ ತಿರುಗಂಗೇ ಇಲ್ಲ. ಮತ್ತ ಇದು ನಿಮ್ಮ ಜೀಪಿಗಿಂತ ಅಗಲ. ಕಾಲುವಿ ದಂಡಿ ಮ್ಯಾಲ ಜೀಪ್ ಹೋದ ಕಡೆ ಇದು ಹೋಗಂಗಿಲ್ಲ. ಒಂದು ಗಾಲಿ ನೀರಿಗೇ!"

ಗಂಗಾಧರಪ್ಪ ಕೆಮ್ಮಿದರು. ಚಾಂದ್‌ಪಾಷಾ ಮೀಸೆಯಲ್ಲೇ ನಕ್ಕ.

"ಹಂಗಾರ ಜೀಪಿನ ತಲಿ ಮ್ಯಾಲ ಟೆಂಟ್ ಹಾಕಿಸ್ಲ್ಯಾ? ಹಂಗೂ ಬರ್ತಾವಲ್ಲ?" ಶಿವಪ್ರಸಾದ ಬಗ್ಗಿ, ಗಾಡಿಯ ಕೆಳಗಿದ್ದ ಅವಳ ಮುಖವನ್ನೇ ನೋಡುತ್ತ ಕೇಳಿದ.

"ಏಣಿ ಹತ್ತಬೇಕಾಕೈತಿ. ಮನ್ಯಾಗ ಹಿರೇರು, ಸಣ್ಣವರು ಇದ್ರ ಆಗಂಗಿಲ್ಲ." ಆಮೇಲೆ ಹೇಗೋ, ಎಲ್ಲಿಂದಲೋ ಬಂತು ಆ ಮಾತು: "ನಾವು ಮಾಡಿಕೊಡ್ತೀವ್ರಿ."

ಚಾಂದ್‌ಪಾಷಾನ ಬಾಯಲ್ಲಿದ್ದ ಎಲೆಅಡಿಕೆ ಬೀಳುವುದೊಂದು ಬಾಕಿ. "ಯಾ ಅಲ್ಲಾ! ನಾವಾ?"

"ನಾವೇ. ಒಂದೇ ಅಚ್ಚು, ಜೀಪಿನಷ್ಟೇ ಅಗಲ, ಎತ್ತರದ ಗಾಲಿ. ಮ್ಯಾಲಿನ ಅರ್ಧ ಟೆಂಟಿನ ಬಟ್ಟಿ, ಮಡಿಚಿದ್ರ ಗಾಳಿಗೆ ಹೊಯ್ದಾಡಂಗಿಲ್ಲ. ಅಡಗಿ ಹಿಂದಿನ ಬಾಗಲಕ್ಕ."

ಶಿವಪ್ರಸಾದ ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ಕಿವಿ ಕೆಂಪಾದವು. ಆಗ ಅವನು ನಗುತ್ತ ಹೇಳಿದ:

"ಮನ್ಯಾಗ ಕೇಳಿ ಹೇಳ್ತೀನ್ರೀ."

ಮನ್ಯಾಗ!

ನಮ್ಮ ಕಡೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಹೇಳುವುದು ಅಪರೂಪ. 'ಮನ್ಯಾಗ ಕೇಳ್ತೀನಿ', 'ಮನ್ಯಾಗ ಬೈತಾರ', 'ಮನ್ಯಾಗ ಆರಾಮಿಲ್ಲ' ಅಂದರೆ ಕೇಳಿದವರು ತಾವೇ ತಿಳಿದುಕೊಳ್ಳುತ್ತಾರೆ. ಪಂಪಾವತಿಯೂ ತಿಳಿದುಕೊಂಡಳು.

ಅವನು ಮರದ ಆಚೆ ಹೋಗಿ ಫೋನು ಮಾಡಿದ. ಗಾಳಿ ಇತ್ತಲೇ ಬೀಸುತ್ತಿತ್ತು. "ಕೂಸು ಮಲಗೇತೇನು?... ಹ್ಞೂಂ, ಊಟ ಮಾಡು ನೀ ಮೊದಲ..."

ತಿರುಗಿ ಬಂದ. "ಮನ್ಯಾಗ ಒಪ್ಪ್ಯಾರ! ಮೆಟ್ಟಲು ಮಾತ್ರ ತಗ್ಗಿಗಿರಲಿ, ಮೊಣಕಾಲು ಬ್ಯಾನಿ ಐತಿ. ತೊಟ್ಟಿಲಿಗೆ ಒಂದು ಕೊಂಡಿ ಬೇಕು. ಬಾಣಂತಿ ಅದಾಳ್ರಿ ಮನ್ಯಾಗ."

"ಆತ್ರಿ" ಎಂದಳು ಪಂಪಾವತಿ. ಅಷ್ಟು ಸಣ್ಣ ಮಾತು ಹೇಳಲು ಅಷ್ಟು ಶಕ್ತಿ ಬೇಕಾಗುತ್ತದೆಂದು ಅವಳಿಗೆ ಅಂದೇ ಗೊತ್ತಾದದ್ದು.

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಳು. *ಹುಚ್ಚಿ! ಒಂದು ಜೇನು ತೆಗೆದನಂತ ಮಲ್ಲಿಗೆ ಬಿಟ್ಟು ಬಂದೆಯಲ್ಲ... ಪಾಪ, ಅಲ್ಲೊಬ್ಬಳು ಬಾಣಂತಿ, ಟಾರ್ಪಾಲಿನ್ ಕೆಳಗೆ ಕೂಸು ಹಿಡಿದು ಕೂತಿದ್ದಾಳೆ...*

ಕಣ್ಣೀರು ಬಂತು. ಒರೆಸಿಕೊಂಡಳು. ಮಸ್ಕಿ ದಾಟುವ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು.

*ಈ ಗಾಡಿ ನಾನೇ ಮಾಡ್ತೀನಿ. ಅವಳು ಯಾರೇ ಆಗಿರಲಿ, ಅವಳ ಕೂಸಿನ ಮೇಲೆ ಒಂದು ಹನಿ ಬೀಳಬಾರದು!*

*

ಮರುದಿನ ಅವಳು ಮೊಳ ಮಲ್ಲಿಗೆ ಮುಡಿದು ಯಾರ್ಡಿಗೆ ಬಂದಳು.

"ಇದು ಕೆಟ್ರ ಮತ್ತ ಯಾರ್ಡಿನ್ಯಾಗ ಕಾಲಿಡಂಗಿಲ್ಲ ನೋಡು" ಎಂದ ಗಾಳೆಪ್ಪ.

"ಕೆಡಂಗಿಲ್ಲಪ್ಪ."

ಮಗಳು ಎದುರು ಮಾತಾಡಿದ್ದು ಅದೇ ಮೊದಲು. ಗಾಳೆಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

ಅಚ್ಚು ಕೂತಿತು, ಗಾಲಿ ಬಂತು, ಚೌಕಟ್ಟು ಎದ್ದಿತು. ಶಿವಪ್ರಸಾದ ಆಗಾಗ ಬರುತ್ತಿದ್ದ. ಪ್ರತಿ ಸಲ ಏನಾದರೊಂದು ತರುತ್ತಿದ್ದ, ಜೇನುಹುಟ್ಟಿನ ತುಂಡು, ಬಾಟಲಿ ಜೇನು. ಪಂಪಾವತಿ ಅದನ್ನು ಚಾಂದ್‌ಪಾಷಾನ ಕೈಗೆ ಕೊಡಿಸುತ್ತಿದ್ದಳು.

"ಗಾಡಿಗೆ ಬಿಳಿ ಬಣ್ಣ ಇರಲ್ರೀ. ಕಪ್ಪು ಕಂಡ್ರ ಜೇನಿಗೆ ಸಿಟ್ಟು."

"ಆತ್ರಿ."

"ಬಾಗಿಲು ಪೆಟಗಿ ಇಡೋ ಕಡೆಗೆ ಬ್ಯಾಡ."

"ಆತ್ರಿ."

"ಎಲ್ಲಾದಕ್ಕೂ ಆತ್ರಿ ಅಂತೀರಿ. ಲಿಂಗಸುಗೂರಿನ್ಯಾಗ ಗಾಡಿ ಕೆಳಗಿಂದ ಎಷ್ಟ್ ಚಂದ ಮಾತಾಡಿದ್ರಿ! ಮತ್ತೊಮ್ಮೆ ಗಾಡಿ ಕೆಳಗ ಹೋಗ್ತೀರೇನು?"

ನಗು ಬರುವಂತಾಯಿತು. ತುಟಿ ಕಚ್ಚಿದಳು. *ಮನೆಯಲ್ಲಿ ಬಾಣಂತಿಯನ್ನಿಟ್ಟುಕೊಂಡು ಹೀಗೆ ನಗಿಸುತ್ತಾನಲ್ಲ!*

"ಮಲಗಾಕ ಎಷ್ಟು ಜಾಗ ಮಾಡ್ಲಿ?" ಎಂದಳು ಗಡುಸಾಗಿ.

"ಈಗ ನಾಲ್ಕು ಬೇಕು. ಆದ್ರ..." ಅವನು ತಡೆದ. ಅವನ ಧ್ವನಿ ಮೆತ್ತಗಾಯಿತು. "ಐದು ಮಾಡ್ರಿ. ಒಂದು ಜಾಗ... ಬರೋರಿಗೆ ಇರಲಿ. ಅವರು ಎಷ್ಟು ಎತ್ತರ ಇರ್ತಾರ ಅಂದ್ರ..." ಎನ್ನುತ್ತ ಅವಳನ್ನು ನೆತ್ತಿಯಿಂದ ಪಾದದವರೆಗೆ ನೋಡಿದ. "ಸುಮಾರು ನಿಮ್ಮಷ್ಟ."

ಪಂಪಾವತಿಯ ಮೈಯೆಲ್ಲ ಉರಿಯಿತು. ಯಾರಿಗೋ ಅಳತೆ ನನ್ನಿಂದ ತೆಗೆಯುವುದೇ? ಅಥವಾ... ಇನ್ನೇನು ಅರ್ಥ ಆ ನೋಟಕ್ಕೆ? ಎರಡರಲ್ಲಿ ಯಾವುದಾಗಿದ್ದರೂ ತಪ್ಪೇ!

ಅವಳಿಗೆ ಗೊತ್ತಿದ್ದ ಒಂದೇ ಬಾಗಿಲನ್ನು ಅವಳು ಮುಚ್ಚಿದಳು.

"ಆತು ಅಣ್ಣಾ. ಐದು ಮಾಡ್ತೀನಿ."

ಅಣ್ಣಾ.

ಶಿವಪ್ರಸಾದನ ಮುಖದ ನಗು ದೀಪ ಆರಿದಂತೆ ಆರಿತು. ಒಂದು ಹುಡುಗಿ ಬೇಕೆಂದೇ 'ಅಣ್ಣಾ' ಅಂದ ಮೇಲೆ ಮರ್ಯಾದೆಯುಳ್ಳ ಗಂಡಸು ಮತ್ತೇನು ಕೇಳುತ್ತಾನೆ? ಅವನು ತಲೆ ತಗ್ಗಿಸಿ ಜೀಪು ಹತ್ತಿದ.

ಆಮೇಲೆ ಅವನು ಬರಲಿಲ್ಲ. ಚಾಂದ್‌ಪಾಷಾನ ಫೋನಿಗೆ ಒಂದು ಮಾತು ಮಾತ್ರ ಬಂತು.

"ಬೇಟಿ, ನಾಲ್ಕೇ ಸಾಕಂತ. ಐದನೇದು ಕಡಿದು ತೆಗಿ ಅಂದಾರ."

ಪಂಪಾವತಿ ಚೌಕಟ್ಟಿನೊಳಗೆ ನಿಂತಿದ್ದಳು. ಐದನೆಯ ಮಂಚದ ಕಬ್ಬಿಣ ಕಿಟಕಿಯ ಪಕ್ಕ ಆಗಲೇ ಕೂತಿತ್ತು. ಅವಳೇ ಮಲಗಿ ಅಳತೆ ನೋಡಿದ್ದಳು, ಸರಿಯಾಗಿ ಅಷ್ಟೇ ಎತ್ತರದವರು ಬೇರೆ ಯಾರೂ ಇರಲಿಲ್ಲವೆಂದು.

"ಬೆಸುಗಿ ಹಾಕಿದ್ದು ನಾ ಕಡಿಯಂಗಿಲ್ಲ ಚಾಚಾ" ಎಂದಳು. "ಬ್ಯಾಡಾದ್ರ ಅವರೇ ಕಡೀಲಿ."

ಚಾಂದ್‌ಪಾಷಾ ಅವಳ ಮುಖವನ್ನು ಹತ್ತಿರದಿಂದ ನೋಡಿದ. ಹತ್ತಿರದ್ದು ಅವನಿಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

*

ತೊಗರಿ ಹೂಬಿಟ್ಟಿತು. ಗಾಡಿ ಮುಗಿಯಿತು. ಮುಗಿದ ದಿನವೇ ಅಕಾಲದ ಮಳೆಯೂ ಒಂದು ಬಂತು.

ಯಾರ್ಡಿನ ಟ್ರ್ಯಾಕ್ಟರಿನಲ್ಲಿ ಮಸ್ಕಿಯವರೆಗೆ ಗಾಡಿ ತಂದು, ಅಲ್ಲಿ ಕಾಯುತ್ತಿದ್ದ ಶಿವಪ್ರಸಾದನ ಜೀಪಿಗೆ ಕಟ್ಟಿದರು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ, ಮೆಟ್ಟಿಲನ್ನು ಮುಟ್ಟಿದ, ಜೀಪಿಗೆ ಕಟ್ಟಿದ ಕೊಂಡಿ ಜಗ್ಗಿ ನೋಡಿದ. ಪಂಪಾವತಿಯನ್ನು ಮಾತ್ರ ನೋಡಲಿಲ್ಲ.

ಸಂತೆಕಲ್ಲೂರಿನ ಕಡೆ ಹೋಗುವ ಹೊಲದ ದಾರಿಗೆ ಒಂದು ಹಳ್ಳ ಅಡ್ಡ. ಮಳೆಗೆ ದಂಡೆಯ ಎರೆಮಣ್ಣು ಹಿಟ್ಟು ನಾದಿದಂತಾಗಿತ್ತು. ಜೀಪು ಇಳಿಯಿತು, ಏರತೊಡಗಿತು, ನಡುವೆ ನಿಂತು ಗಾಲಿ ಗಿರಗಿರನೆ ಸುತ್ತಿತು. ಗಾಡಿ ಒಂದು ಕಡೆ ವಾಲಿತು.

"ಹೋತು!" ಎಂದು ಚಾಂದ್‌ಪಾಷಾ ತಲೆ ಹಿಡಿದುಕೊಂಡ.

ಪಂಪಾವತಿ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದಳು. ಮೊಣಕಾಲವರೆಗೆ ಮಣ್ಣು.

"ಎಡಕ್ಕ ತಿರುವ್ರೀ!" ಎಂದು ಕೂಗಿದಳು. ಆ ಕೂಗಿಗೆ ತೊಗರಿಯಲ್ಲಿದ್ದ ಹಕ್ಕಿಗಳು ಎದ್ದವು. "ನಿಲ್ಲಿಸಬ್ಯಾಡ್ರಿ! ಕಲ್ಲಿನ ಮ್ಯಾಲ ತಗೋರಿ! ಗಾಡಿ ಬರತೈತಿ, ನಾ ಹೇಳ್ತೀನಿ ಬರತೈತಿ!"

ಮಡ್‌ಗಾರ್ಡಿನ ಸಂದಿಯಿಂದ ಮಣ್ಣಿನ ಹೆಂಟೆಗಳು ದಬದಬನೆ ಉದುರಿದವು. ಗಾಲಿ ಕಲ್ಲು ಹಿಡಿಯಿತು. ಗಾಡಿ ಒಮ್ಮೆ ಕುಲುಕಿ, ಎದ್ದು ದಂಡೆ ಏರಿತು!

ಆಚೆ ಬೇವಿನ ಕೆಳಗೆ ಟಾರ್ಪಾಲಿನ್ ಹೊದಿಸಿದ ಗುಡಾರ. ಅದರಿಂದ ಓಡಿ ಬಂದ ಪುಟ್ಟ ಹುಡುಗಿ ತುಂಗಿ "ಮಾಮಾ, ನಮ್ಮನೀ ಬಂತು, ನಮ್ಮನೀ ಬಂತು!" ಎಂದು ಕುಣಿದಳು. ಹಿಂದೆಯೇ ಕೂಸನ್ನೆತ್ತಿಕೊಂಡು ಒಬ್ಬಳು ಹೆಂಗಸು ಬಂದಳು. ದುಂಡು ಮುಖ, ತುಂಟ ಕಣ್ಣು.

ಮಾಮಾ? ಆ ಮಾತು ಪಂಪಾವತಿಯ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಅವಳು ಕೆಸರುಗಾಲಲ್ಲೇ ನಿಂತು, ಇಷ್ಟು ದಿನ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದಳು.

"ಅಕ್ಕಾರ, ಮೆಟ್ಟಲು ತಗ್ಗಿಗೆ ಮಾಡೀನಿ. ನಿಮ್ಮ ಮೊಣಕಾಲಿಗೆ ತ್ರಾಸಾಗಂಗಿಲ್ಲ. ನಿಮ್ಮ ಮನಿಯವರು ಎಲ್ಲಾ ಹೇಳಿದ್ರು..."

"ನನ್ನ ಮೊಣಕಾಲಾ?" ಆ ಹೆಂಗಸು ಕಣ್ಣರಳಿಸಿದಳು. "ನನ್ನ ಮನಿಯವರಾ? ಅವರನ್ನ ನೀ ಎಲ್ಲಿ ನೋಡಿದಿ ಯವ್ವಾ? ಎರಡನೇದೂ ಹೆಣ್ಣು ಅಂತ ಗೊತ್ತಾದ ಮ್ಯಾಲ ಅವರ ಮಾರಿ ನಾನ ನೋಡಿಲ್ಲ!"

ಪಂಪಾವತಿಯ ಬೆರಳು ಶಿವಪ್ರಸಾದನ ಕಡೆ ತಿರುಗಿತು. ತಾನಾಗಿಯೇ.

ಆ ಹೆಂಗಸು ಒಂದು ಗಳಿಗೆ ಬಾಯಿ ಬಿಟ್ಟು ನಿಂತಳು. ಆಮೇಲೆ ಕೂಸು ಬೆಚ್ಚಿಬೀಳುವಂತೆ ನಕ್ಕಳು. "ಯವ್ವಾ, ಬಾ ಬೇ ಇಲ್ಲಿ! ಈ ಹುಡುಗಿ ನಿನ್ನ ಮಗನ್ನ ನನಗ ಗಂಡನ್ನ ಮಾಡಿಟ್ಟಾಳ!"

ಗುಡಾರದಿಂದ ಕೈಕೋಲು ಊರುತ್ತ ಮುದುಕಿಯೊಬ್ಬಳು ಬಂದಳು. ಶಿವಪ್ರಸಾದನ ತಾಯಿ ಗದ್ದೆಮ್ಮ. "ಏನ್ ಬೇ ಸುಕನ್ಯಾ, ಹೊಟ್ಟಿ ಹಿಡಕೊಂಡು ನಗಾಕತ್ತೀಯಲ್ಲ?"

"ತಮ್ಮ ಅಲ್ಲೇನು ಇವ ನನಗ!" ಸುಕನ್ಯಾ ಕಣ್ಣೊರೆಸಿಕೊಂಡಳು. "ಗಂಡನ ಮನ್ಯಾಗ ಒಳಗ ಕರಕೊಳ್ಳದಿದ್ದಾಗ ಜೀಪ್ ತಂದು ನಮ್ಮೂವರನ್ನೂ ಕರಕೊಂಡ್ ಬಂದ. 'ಹೂವು ಎಲ್ಲೈತೋ ಅಲ್ಲಿ ಎಲ್ಲಾರೂ ಕೂಡೇ ಇರೋಣು, ನಿನಗ ಯಾರದೋ ಮನ್ಯಾಗ ಇದ್ದಂಗ ಆಗಬಾರದು' ಅಂದ. ಅದಕ್ಕ ಈ ಗಾಡಿ."

ಪಂಪಾವತಿ ಚಾಚಿದ್ದ ಬೆರಳನ್ನು ಮಡಚಿಕೊಂಡಳು. "ಮತ್ತ... ಮನ್ಯಾಗ ಕೇಳ್ತೀನಿ, ಮನ್ಯಾಗ ಮೊಣಕಾಲು ಬ್ಯಾನಿ ಅಂದ್ರಲ್ಲ..."

"ಮನ್ಯಾಗ ಅಂದ್ರ ನಾನು!" ಗದ್ದೆಮ್ಮ ಕೋಲು ಕುಟ್ಟಿದಳು. "ನನ್ನ ಕೇಳದ ಏನೂ ಮಾಡಂಗಿಲ್ಲ ನನ್ನ ಮಗ. ಮೊಣಕಾಲೂ ನಂದೇ!"

ಭೂಮಿ ಬಾಯಿ ಬಿಡಬಾರದೇ ಎನಿಸಿತು ಪಂಪಾವತಿಗೆ. ಚಾಂದ್‌ಪಾಷಾ ಜೀಪಿಗೆ ಆನಿಕೊಂಡು, "ನನಗೂ ಹಂಗ ಅನಿಸಿತ್ತು ಬೇಟಿ, ನಿಮ್ಮ ಕನ್ನಡ ಹಿಂಗೈತಿ ನಾ ಏನ್ ಮಾಡ್ಲಿ?" ಎಂದು ಆಕಾಶ ನೋಡಿದ.

ಅವಳು ಶಿವಪ್ರಸಾದನನ್ನು ಹುಡುಕಿದಳು. ಅವನು ಗಾಡಿಯ ಒಳಗೆ ಹೊರಟವನು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಕಿಟಕಿಯ ಪಕ್ಕದ ಐದನೆಯ ಮಂಚವನ್ನು ನೋಡುತ್ತಿದ್ದ.

"ಇದನ್ನ ಕಡಿದು ತೆಗಿ ಅಂದಿದ್ದೆ" ಎಂದ ತಿರುಗದೆ.

"ನಾ ಕಡೀಲಿಲ್ಲ."

"ಯಾಕ?"

ಅವಳು ತನ್ನ ಕೆಸರುಗಾಲನ್ನು ನೋಡಿಕೊಂಡಳು. ಅವನು ನಿಟ್ಟುಸಿರು ಬಿಟ್ಟು ಕೆಳಗಿಳಿದ. "ಇರಲಿ ಬಿಡ್ರಿ. ಪೆಟಗಿ ಇಡಾಕ ಬರತೈತಿ" ಎಂದು ಜೇನುಪೆಟ್ಟಿಗೆಗಳ ಕಡೆ ಹೆಜ್ಜೆ ಹಾಕಿದ.

*ಈಗ ಸುಮ್ಮನಿದ್ದರೆ ಮುಗೀತು* ಎಂದುಕೊಂಡಳು ಪಂಪಾವತಿ. ಮರೆಗೆ ಈಗ ಗಾಡಿಯ ತಳವಿಲ್ಲ. ಎದುರಿಗೆ ತಾಯಿ, ಅಕ್ಕ, ಹುಡುಗಿ, ಚಾಚಾ... ಎಲ್ಲರ ಕಣ್ಣೂ ತನ್ನ ಮೇಲೆ. ಇರಲಿ!

"ಅಲ್ಲಾಡಬ್ಯಾಡ್ರಿ!"

ಶಿವಪ್ರಸಾದ ಗಕ್ಕನೆ ನಿಂತ. ಅಭ್ಯಾಸಬಲದಿಂದ ಕೆನ್ನೆ ಮುಟ್ಟಿ ನೋಡಿಕೊಂಡ. "ಎಲ್ಲಿ ಐತಿ ಜೇನು?"

"ಜೇನಿಲ್ಲ." ಅವಳು ಕೆಸರುಗಾಲಲ್ಲಿ ನಡೆದು ಅವನ ಎದುರಿಗೆ ಬಂದಳು. ಧ್ವನಿ ನಡುಗಿತು, ಆದರೆ ನಿಲ್ಲಲಿಲ್ಲ. "ಅವತ್ತು ಯಾರ್ಡಿನ್ಯಾಗ ನಾ ಒಂದು ಮಾತು ಅಂದಿದ್ದೆ. ಕರಿಯೋ ಮಾತು. ಅದನ್ನ... ಅದನ್ನ ನಾ ವಾಪಸ್ ತಗೊಳ್ಳಾಕ ಬಂದೀನಿ."

"ಯಾವ ಮಾತು?" ಅವನಿಗೆ ಗೊತ್ತಿತ್ತು. ಕಣ್ಣುಗಳು ಹೇಳುತ್ತಿದ್ದವು.

"ಮತ್ತೊಮ್ಮೆ ಅನ್ನಂಗಿಲ್ಲ ಆ ಮಾತು. ನೀವು ಮದುವಿಯಾದವರು ಅಂತ ತಿಳಿದು ಅಂದೆ. ತಪ್ಪು ನಂದು."

ಆರಿದ್ದ ದೀಪ ಮತ್ತೆ ಹತ್ತಿಕೊಂಡಂತೆ ಆ ನಗು ನಿಧಾನವಾಗಿ ಶಿವಪ್ರಸಾದನ ಮುಖಕ್ಕೆ ಮರಳಿತು.

"ನಂದೂ ತಪ್ಪೈತಿ. 'ಬರೋರು ನಿಮ್ಮಷ್ಟೇ ಎತ್ತರ' ಅಂತ ಸುತ್ತಿ ಬಳಸಿ ಹೇಳಬಾರದಿತ್ತು. ಆ ಜಾಗ ನಿಮಗ ಅಂತಾನ ಹೇಳಬೇಕಿತ್ತು." ಅವನು ಒಂದು ಹೆಜ್ಜೆ ಮುಂದೆ ಬಂದ. "ಪಂಪಾ... ಬರ್ತೀಯೇನು? ಹೂವು ಇದ್ದ ಕಡೆ, ನಮ್ಮ ಕೂಡ?"

ಹಿಂದೆ ಸುಕನ್ಯಾ ತುಂಗಿಯ ಬಾಯಿ ಮುಚ್ಚಿ ಹಿಡಿದಿದ್ದಳು. ಗದ್ದೆಮ್ಮನ ಕೋಲು ಕುಟ್ಟುವುದನ್ನು ನಿಲ್ಲಿಸಿತ್ತು.

ಪಂಪಾವತಿ ತಲೆ ತಗ್ಗಿಸಿದಳು. ತುಟಿಯಂಚಿನಲ್ಲಿ ಸಣ್ಣದೊಂದು ತುಂಟತನ ಮೂಡಿತು. ಗಾಡಿಯತ್ತ ನಡೆದು, ತಾನೇ ತಗ್ಗಿಗೆ ಇಟ್ಟಿದ್ದ ಆ ಮೆಟ್ಟಿಲ ಮೇಲೆ ಕೆಸರಿನ ಪಾದವೊಂದನ್ನು ಊರಿದಳು.

"ಮನ್ಯಾಗ ಕೇಳಿ ಹೇಳ್ತೀನಿ."

"ಯಾರ ಮನ್ಯಾಗ?"

"ಇದರಾಗ" ಎಂದು ಅವಳು ಗಾಡಿಯ ಬಾಗಿಲಿಗೆ ಕೈಯಿಟ್ಟು, ಗದ್ದೆಮ್ಮನ ಕಡೆ ತಿರುಗಿದಳು. "ಏನಂತೀರಿ ಅತ್ತಿ... ಬರಲೇನು ಒಳಗ?"